ಮಿಗ್-21ರ ಲೋಹದ ಮೈಗೆ ಮನೆಯಲ್ಲೇ ಬೆರೆಸುವ ಬಣ್ಣ

ಭಾರತೀಯ ವಾಯುಪಡೆಯ ಮಿಗ್-21 ಎಫ್‌ಎಲ್ ವಿಮಾನಗಳು ಮೊದಲ ವರ್ಷಗಳಲ್ಲಿ ಲೋಹದ ಹೊಳಪಿನ ಮೈಯಲ್ಲೇ ಹಾರುತ್ತಿದ್ದವು. 1971ರ ಯುದ್ಧದ ಹೊತ್ತಿಗೆ ಅವುಗಳಲ್ಲಿ ಅನೇಕಕ್ಕೆ ತರಾತುರಿಯಲ್ಲಿ ಮರೆಮಾಚುವ ಬಣ್ಣ ಬಳಿಯಲಾಯಿತು. ಆ ಮೊದಲಿನ ರೂಪವನ್ನು 1/72 ಅಳತೆಯ ಮಾದರಿಯಲ್ಲಿ ತರಲು ಹೊರಟವರು ಹಾರ್ಡ್‌ವೇರ್ ಅಂಗಡಿಯ ಸಿಲ್ವರ್ ಪೇಂಟನ್ನು ನೇರವಾಗಿ ಬಳಸಿದರೆ ವಿಮಾನವು ಜರಿ ಉದುರಿಸಿದಂತೆ ಮಿನುಗುತ್ತದೆಯೇ ಹೊರತು ಲೋಹದಂತೆ ಕಾಣುವುದಿಲ್ಲ. ಕಾರಣ ಸರಳವಾದದ್ದು. ಬಣ್ಣದೊಳಗಿನ ಅಲ್ಯೂಮಿನಿಯಂ ಚೂರು 40 ಮೈಕ್ರಾನ್ ಅಗಲವಿದ್ದರೆ, 72 ಪಟ್ಟು ಹಿಗ್ಗಿಸಿ ನೋಡಿದಾಗ ಅದು ನಿಜವಾದ ವಿಮಾನದ ಮೇಲೆ ಸುಮಾರು 3 ಮಿಲಿಮೀಟರ್ ಅಗಲದ ಚುಕ್ಕಿಯಾಗುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಪುಡಿಯ ನಯ.

ಬೆಲೆಬಾಳುವ ಪುಡಿಯನ್ನೇ ಹುಡುಕಬೇಕಾಗಿಲ್ಲ. ಅಂಗಡಿಯಲ್ಲಿ ಸಿಲ್ವರ್ ಪೌಡರ್ ಎಂಬ ಹೆಸರಿನಲ್ಲಿ ಸಿಗುವ ಅಲ್ಯೂಮಿನಿಯಂ ಪುಡಿಯಿಂದಲೇ ನಯವಾದ ಪಾಲನ್ನು ಬೇರ್ಪಡಿಸಿಕೊಳ್ಳಬಹುದು. ಅಕ್ಕಿಯನ್ನು ನೀರಿನಲ್ಲಿ ಜಾಲಿಸಿ ಕಲ್ಲನ್ನು ತಳದಲ್ಲಿ ಉಳಿಸುವ ಕ್ರಮವೇ ಇಲ್ಲಿಯದ್ದೂ. ಗಾಜಿನ ಬಾಟಲಿಯಲ್ಲಿ ಐದು ಸೆಂಟಿಮೀಟರ್ ಎತ್ತರಕ್ಕೆ ಲ್ಯಾಕರ್ ತಿನ್ನರ್ (ಲ್ಯಾಕರ್ ಎಂಬ ಮೆರುಗೆಣ್ಣೆಯನ್ನು ತೆಳುವಾಗಿಸುವ ದ್ರವ) ಹಾಕಿ, ಒಂದು ಟೀ ಚಮಚ ಪುಡಿಯನ್ನು ನಿಧಾನವಾಗಿ ಸೇರಿಸಿ, ಮುಚ್ಚಿ ಕುಲುಕಬೇಕು. ಒಂದೂವರೆ ನಿಮಿಷ ಅಲುಗಿಸದೆ ಇಟ್ಟರೆ ದಪ್ಪ ಚೂರುಗಳು ತಳ ಸೇರುತ್ತವೆ. ಬಾಟಲಿಯನ್ನು ಬೆಳಕಿಗೆ ಹಿಡಿದರೆ ಮೇಲಿನ ದ್ರವ ಬೂದು ರೇಷ್ಮೆಯಂತೆ ಸುರುಳಿ ಸುತ್ತುವುದು ಕಾಣುತ್ತದೆ. ಆ ದ್ರವವನ್ನಷ್ಟೇ ಬೇರೆ ಬಾಟಲಿಗೆ ಬಸಿದುಕೊಂಡು, ಇದೇ ಕ್ರಮವನ್ನು ಇನ್ನೊಮ್ಮೆ ಮಾಡಿ, ಒಂದು ರಾತ್ರಿ ಬಿಟ್ಟರೆ ತಳದಲ್ಲಿ ನಿಲ್ಲುವ ನುಣ್ಣನೆಯ ಕೆಸರೇ ನಮಗೆ ಬೇಕಾದದ್ದು.

ಈ ಪುಡಿ ಗಾಳಿಯಲ್ಲಿ ಹಾರಿದರೆ ಕಿಡಿಗೆ ಸ್ಫೋಟಿಸಬಲ್ಲದು, ತಿನ್ನರ್ ಆವಿಯೂ ಹೊತ್ತಿಕೊಳ್ಳುತ್ತದೆ. ದೇವರ ದೀಪ, ಊದುಬತ್ತಿ, ಒಲೆ ಯಾವುದೂ ಹತ್ತಿರವಿಲ್ಲದ ಗಾಳಿಯಾಡುವ ಜಾಗದಲ್ಲಿ, ಆವಿಯನ್ನು ತಡೆಯುವ ಮಾಸ್ಕ್ ಧರಿಸಿಯೇ ಕೆಲಸ ಮಾಡಬೇಕು. ಪುಡಿಗೆ ಬೆಂಕಿ ಹಿಡಿದರೆ ನೀರು ಹಾಕಬಾರದು, ಒಣ ಮರಳು ಸುರಿಯಬೇಕು. ನೀರಿನ ಆಧಾರದ ಅಕ್ರಿಲಿಕ್ ಬಣ್ಣಕ್ಕೆ ಈ ಪುಡಿಯನ್ನು ಬೆರೆಸಿ ಮುಚ್ಚಿಡುವುದೂ ಅಪಾಯ. ಹೈಡ್ರೋಜನ್ ಹುಟ್ಟಿ ಬಾಟಲಿ ಒತ್ತಡಕ್ಕೆ ಒಡೆಯಬಹುದು.

ಮಿಶ್ರಣಕ್ಕೆ ನಾನು 10 ಮಿಲಿಲೀಟರ್ ತಿನ್ನರ್, 3 ಮಿಲಿಲೀಟರ್ ಹೊಳಪಿನ ಕ್ಲಿಯರ್ ಲ್ಯಾಕರ್, ಕಾಲು ಟೀ ಚಮಚ ಕೆಸರು ತೆಗೆದುಕೊಳ್ಳುತ್ತೇನೆ. ಲ್ಯಾಕರ್ ಹೆಚ್ಚಾದರೆ ಚೂರುಗಳು ಅದರಲ್ಲಿ ಮುಳುಗಿ ಹೊಳಪು ಮಂಕಾಗುತ್ತದೆ, ಕಡಿಮೆಯಾದರೆ ಬೆರಳಿಗೆ ಬೆಳ್ಳಿ ಅಂಟುತ್ತದೆ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ಗೆ ಹಾಕುವ ಮುನ್ನ ನೈಲಾನ್ ಬಟ್ಟೆಯಲ್ಲಿ ಸೋಸುವುದು ಒಳ್ಳೆಯದು.

ಮಾದರಿಯ ಪ್ಲಾಸ್ಟಿಕ್ಕನ್ನು ತಿನ್ನರ್ ಕರಗಿಸುವುದರಿಂದ ಮೊದಲು ಪ್ರೈಮರ್ ಎಂಬ ತಳಪದರ, ಅದರ ಮೇಲೆ ಹೊಳಪಿನ ಕಪ್ಪು ಬಣ್ಣ ಬೇಕು. ಕಪ್ಪು ಪೂರ್ತಿ ಒಣಗಿದ ಮೇಲೆ ಮುಖ ಕಾಣುವಷ್ಟು ನಯವಾಗಿರಬೇಕು, ಏಕೆಂದರೆ ಅದರ ಪ್ರತಿ ಗೀರನ್ನೂ ಬೆಳ್ಳಿಯ ಪದರ ಎತ್ತಿ ತೋರಿಸುತ್ತದೆ. 12ರಿಂದ 15 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ, ಐದಾರು ಸೆಂಟಿಮೀಟರ್ ದೂರದಿಂದ, ಮಂಜು ಕವಿಯುವಂತೆ ಮೂರು ನಾಲ್ಕು ತೆಳುಪದರ ಹಾಯಿಸಿದರೆ ಕಪ್ಪು ನಿಧಾನವಾಗಿ ಲೋಹವಾಗುವುದನ್ನು ನೋಡುವುದೇ ಒಂದು ಸಂತೋಷ. ಮಳೆಗಾಲದ ತೇವದಲ್ಲಿ ಮಾತ್ರ ಈ ಕೆಲಸ ಬೇಡ. ಆಷಾಢದ ಒಂದು ಸಂಜೆ ನಾನು ಸಿಂಪಡಿಸಿದ ರೆಕ್ಕೆಯ ಮೇಲೆ ಹಾಲಿನಂಥ ಬಿಳುಪು ಕವಿದು, ಎಲ್ಲವನ್ನೂ ಉಜ್ಜಿ ತೆಗೆಯಬೇಕಾಯಿತು.

ನಿಜವಾದ ವಿಮಾನದ ಮೈ ಒಂದೇ ಛಾಯೆಯದ್ದಲ್ಲ. ಮೂಲ ಮಿಶ್ರಣದ 10 ಮಿಲಿಲೀಟರಿಗೆ ಎರಡು ಹನಿ ಕಪ್ಪು ಲ್ಯಾಕರ್ ಸೇರಿಸಿದರೆ ಉಕ್ಕಿನ ಛಾಯೆ ಬರುತ್ತದೆ; ಅಲ್ಲಲ್ಲಿ ಕೆಲವು ಫಲಕಗಳಿಗೆ ಒಂದೇ ಹನಿಯ ಛಾಯೆ ಸಾಕು. ಬಾಲದ ತುದಿಯಲ್ಲಿ, ಎಂಜಿನ್ನಿನ ಬಿಸಿಗೆ ಲೋಹ ಬಣ್ಣಗೆಡುವ ಜಾಗದಲ್ಲಿ, ಉಕ್ಕಿನ ಛಾಯೆಯ ಮೇಲೆ ಪಾರದರ್ಶಕ ಕಂದು, ಅದರ ಅಂಚಿಗೆ ಪಾರದರ್ಶಕ ನೀಲಿಯನ್ನು ಬಹಳ ತೆಳುವಾಗಿ ಹಾಯಿಸಬೇಕು. ಫಲಕಗಳನ್ನು ಮರೆಮಾಡುವ ಟೇಪನ್ನು ಮೊದಲು ಅಂಗೈಗೆ ಒತ್ತಿ ಅಂಟು ಕುಗ್ಗಿಸಿಕೊಳ್ಳದಿದ್ದರೆ ಬೆಳ್ಳಿಯೂ ಜೊತೆಗೆ ಎದ್ದುಬರುತ್ತದೆ.

ಕೊನೆಯಲ್ಲಿ ಇಡೀ ಮೈಗೆ ಕ್ಲಿಯರ್ ಕೋಟ್ ಹೊಡೆದರೆ ಗಳಿಸಿದ ಹೊಳಪು ಬೂದಾಗುತ್ತದೆ. ವಾಯುಪಡೆಯ ವೃತ್ತಚಿಹ್ನೆ ಮತ್ತು ಸಂಖ್ಯೆಗಳ ಡೆಕಾಲ್ (ಅಂಟಿಸುವ ಅಚ್ಚುಚಿತ್ರ) ಕೂರುವಷ್ಟು ಜಾಗಕ್ಕೆ ಮಾತ್ರ ತೆಳುವಾಗಿ ಹಾಯಿಸಿ, ಉಳಿದ ಮೈಯನ್ನು ಹಾಗೆಯೇ ಬಿಡಬೇಕು, ಮುಂದೆ ಮಾದರಿಯನ್ನು ಬರಿಗೈಯಲ್ಲಿ ಮುಟ್ಟಬಾರದು.