ರೊಟ್ಟಿ ತಟ್ಟುವ ಕಟ್ಟೆಗೆ ಕಲ್ಲು ಆರಿಸಿದ ಬಗೆ

ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಕೊಳ್ಳಲು ಹೋದವರ ಮುಂದೆ ಅಂಗಡಿಯವರು ಮೊದಲು ಇಡುವುದು ಅಂಗೈ ಅಗಲದ ಬಣ್ಣಬಣ್ಣದ ತುಂಡುಗಳನ್ನು. ದಾವಣಗೆರೆಯಲ್ಲಿ ಮನೆ ಕಟ್ಟಿಸುವಾಗ ನಾನು ಆ ತುಂಡುಗಳನ್ನು ಬದಿಗಿಟ್ಟು, ಎರಡು ಸಂಗತಿಗಳನ್ನು ಮುಂದಿಟ್ಟುಕೊಂಡು ಕಲ್ಲು ಹುಡುಕಿದೆ. ನಮ್ಮ ಕೊಳವೆಬಾವಿಯ ಗಡಸು ನೀರು ಒಂದು, ದಿನವೂ ಕಟ್ಟೆಯ ಮೇಲೆಯೇ ತಟ್ಟುವ ಜೋಳದ ರೊಟ್ಟಿ ಇನ್ನೊಂದು.

ಚಾಮರಾಜನಗರದ ಕಡೆಯ ಅಚ್ಚ ಕಪ್ಪು ಕಲ್ಲು ನೋಡಲು ಬಹಳ ಸೊಗಸು. ವ್ಯಾಪಾರದಲ್ಲಿ ಗ್ರಾನೈಟ್ ಎಂದೇ ಕರೆಯುವ ಇಂಥ ಕಪ್ಪು ಕಲ್ಲುಗಳು ವಾಸ್ತವವಾಗಿ ಡೋಲರೈಟ್‌ನಂಥ ಶಿಲೆಗಳು. ಕಣಗಳು ಒತ್ತಾಗಿರುವುದರಿಂದ ಎಣ್ಣೆಯನ್ನಾಗಲಿ ಅರಿಶಿನವನ್ನಾಗಲಿ ಸುಲಭವಾಗಿ ಹೀರುವುದಿಲ್ಲ. ಆದರೆ ಗಡಸು ನೀರಿನ ಹನಿ ಆರಿದಾಗ ಉಳಿಯುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಬಿಳಿ ಉಂಗುರ ಕನ್ನಡಿಯಂಥ ಕಪ್ಪು ಮೈಮೇಲೆ ಒಂದೂ ಬಿಡದೆ ಎದ್ದು ಕಾಣುತ್ತದೆ. ನಮ್ಮ ಭಾಗದಲ್ಲಿ ಸಿಂಕಿನ ಸುತ್ತ ಇದು ನಿತ್ಯದ ಕಾಟ. ತಿಳಿ ಬಣ್ಣದ ಕಲ್ಲುಗಳಲ್ಲಿ ಈ ಉಂಗುರ ಕಾಣದಿದ್ದರೂ, ಅವುಗಳಲ್ಲಿ ಹಲವು ನೀರು, ಎಣ್ಣೆಗಳನ್ನು ಹೀರುವುದರಿಂದ ಆಗಾಗ ಸೀಲರ್, ಅಂದರೆ ಹೀರುವಿಕೆ ತಡೆಯುವ ದ್ರವ, ಹಚ್ಚಬೇಕಾಗುತ್ತದೆ. ಹೀಗಾಗಿ ನಾನು ತೆಲಂಗಾಣದ ಕರೀಂನಗರದ ಕಡೆಯಿಂದ ಬರುವ ಟ್ಯಾನ್ ಬ್ರೌನ್ ಕಲ್ಲನ್ನು ಒಪ್ಪಿದೆ. ಕಂದು ಮತ್ತು ಕಪ್ಪು ಚುಕ್ಕೆಗಳು ಬೆರೆತ ಅದರ ಮೈ ನೀರಿನ ಕಲೆಯನ್ನೂ ಮಸಾಲೆಯ ಕಲೆಯನ್ನೂ ತಾಳಿಕೊಳ್ಳುತ್ತದೆ. ಚೆಲ್ಲಿದ ಜೋಳದ ಹಿಟ್ಟು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಒರೆಸುವವರಿಗೆ ಅದೇ ಬೇಕು.

ಈಚೆಗೆ ಹಲವರು ಕೇಳುವ, ಚರ್ಮದಂತೆ ತುಸು ಉಬ್ಬುತಗ್ಗಾದ ಮೈಯ ಲೆದರ್ ಫಿನಿಶ್ ಬೇಡವೆಂದು ನಿರ್ಧರಿಸಿದ್ದೂ ರೊಟ್ಟಿಯ ಕಾರಣದಿಂದಲೇ. ರೊಟ್ಟಿ ತಟ್ಟುವಾಗ ಅಂಗೈ ಕೆಳಗೆ ಅದು ಸರಾಗವಾಗಿ ತಿರುಗಬೇಕು. ಆ ಫಿನಿಶ್‌ನ ಸಣ್ಣ ತಗ್ಗುಗಳಲ್ಲಿ ಹಸಿ ಹಿಟ್ಟು ಕುಳಿತರೆ ಉಜ್ಜಿದರೂ ಬಿಡುವುದು ಕಷ್ಟ. ಪೂರ್ತಿ ಪಾಲಿಶ್ ಮಾಡಿದ ಮೈಯೇ ಈ ಕೆಲಸಕ್ಕೆ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಲ್ಲಿನ ಜಾತಿ ಗೊತ್ತುಮಾಡಿಕೊಂಡ ಮೇಲೆ ಹೆದ್ದಾರಿ ಬದಿಯ ಗೋದಾಮಿನಲ್ಲಿ ಇಡೀ ಹಲಗೆಗಳನ್ನು ನಿಲ್ಲಿಸಿ ಪರೀಕ್ಷಿಸಿದೆ. ಒಂದೇ ಹೆಸರಿನ ಎರಡು ಹಲಗೆಗಳ ಚುಕ್ಕೆ, ಬಣ್ಣ ಒಂದೇ ಬಗೆಯಾಗಿರುವುದಿಲ್ಲವಾದ್ದರಿಂದ ಸಣ್ಣ ತುಂಡನ್ನು ನೋಡಿ ಮುಂಗಡ ಕೊಡಬಾರದು. ಹಲಗೆಯ ಮೇಲೆ ನಾಲ್ಕಾರು ಕಡೆ ನೀರಿನ ಹನಿ ಬಿಟ್ಟು ಹದಿನೈದು ನಿಮಿಷ ಕಾದು ಒರೆಸಿದೆ. ಕಲ್ಲು ಹೀರುವಂಥದ್ದಾದರೆ ಹನಿ ಇದ್ದ ಜಾಗ ಕಪ್ಪಾಗಿ ಉಳಿಯುತ್ತದೆ. ಬಿಳಿ ಬಟ್ಟೆಗೆ ಉಗುರುಬಣ್ಣ ತೆಗೆಯುವ ಅಸಿಟೋನ್ ಹಾಕಿ ಉಜ್ಜಿದೆ, ಏಕೆಂದರೆ ಬಣ್ಣ ಹಚ್ಚಿ ಗಾಢವಾಗಿಸಿದ ಕಲ್ಲಾದರೆ ಬಟ್ಟೆಗೆ ಬಣ್ಣ ಹತ್ತುತ್ತದೆ. ಬೆಳಕು ಓರೆಯಾಗಿ ಬೀಳುವಂತೆ ನಿಂತು ನೋಡಿದರೆ ರಾಳ ತುಂಬಿ ಮುಚ್ಚಿದ ಬಿರುಕುಗಳು ಕಾಣಸಿಗುತ್ತವೆ. ಕಲ್ಲಿನ ಸಹಜ ಗೆರೆಗೂ ಬಿರುಕಿಗೂ ಇರುವ ವ್ಯತ್ಯಾಸ ಉಗುರು ಎಳೆದಾಗ ತಿಳಿಯುತ್ತದೆ. ಬಿರುಕಿನಲ್ಲಿ ಉಗುರು ತಡೆಯುತ್ತದೆ. ಬಲೆ ಅಂಟಿಸುವುದು ಸಾಮಾನ್ಯವಾಗಿ ದುರ್ಬಲ ಕಲ್ಲಿಗೆ ಆಸರೆಯಾಗಿ, ಆದ್ದರಿಂದ ಹಿಂಬದಿಗೆ ಅದನ್ನು ಅಂಟಿಸಿದ್ದ ಹಲಗೆಗಳನ್ನು ನಾನು ಒಪ್ಪಲಿಲ್ಲ.

ನಿಂಬೆ, ಹುಣಸೆಹುಳಿಗಳ ಚಿಂತೆ ಗ್ರಾನೈಟಿಗೆ ಹೆಚ್ಚಿಲ್ಲ. ಅಮೃತಶಿಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರುವುದರಿಂದ ಹುಳಿ ತಾಗಿದರೆ ಹೊಳಪು ಕಳೆದುಕೊಳ್ಳುತ್ತದೆ, ಗ್ರಾನೈಟಿನಲ್ಲಿರುವುದು ಮುಖ್ಯವಾಗಿ ಸ್ಫಟಿಕಶಿಲೆ ಮತ್ತು ಫೆಲ್ಡ್‌ಸ್ಪಾರ್.

ನಿಜವಾದ ಕಾಳಜಿ ಬೇಕಾದದ್ದು ಕೂರಿಸುವಾಗ. 18 ಮಿಲಿಮೀಟರ್ ದಪ್ಪದ ಕಲ್ಲು ಚದರ ಅಡಿಗೆ ಸುಮಾರು ನಾಲ್ಕೂವರೆ ಕಿಲೋ ತೂಗುತ್ತದೆ. ಎರಡು ಅಡಿ ಅಗಲ, ಹತ್ತು ಅಡಿ ಉದ್ದದ ಕಟ್ಟೆಯೆಂದರೆ 90 ಕಿಲೋ. ಅದರ ಮೇಲೆ ಗ್ರೈಂಡರ್ ಭಾರ, ರೊಟ್ಟಿ ತಟ್ಟುವ ಪೆಟ್ಟು ಬೇರೆ. ಆದ್ದರಿಂದ ಕೆಳಗೆ ಕಡಪಾ ಕಲ್ಲಿನ ಹಾಸು ಕೂರಿಸಿ, ಅದರ ಮೇಲೆ ಎಲ್ಲಿಯೂ ಪೊಳ್ಳು ಉಳಿಯದಂತೆ ಸಿಮೆಂಟ್ ಗಾರೆ ಹರಡಿಸಿ ಗ್ರಾನೈಟ್ ಇಡಿಸಿದೆ. ಮೇಸ್ತ್ರಿಯವರು ಮುಗಿಸಿದ ಮೇಲೆ ನಾಣ್ಯದಿಂದ ಉದ್ದಕ್ಕೂ ತಟ್ಟಿ ನೋಡಿದೆವು, ಪೊಳ್ಳಿರುವ ಕಡೆ ಶಬ್ದ ಬೇರೆಯಾಗಿ ಬರುತ್ತದೆ.

ಸಿಂಕ್ ಮತ್ತು ಒಲೆಗೆಂದು ಕೊರೆಯುವ ಕಿಂಡಿಯ ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಾಗಿಸಬೇಕು. ಒತ್ತಡವೆಲ್ಲ ಚೂಪು ಮೂಲೆಯಲ್ಲಿ ಸೇರಿ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಎರಡು ಹಲಗೆಗಳ ಕೂಡು ಸಿಂಕಿನ ಹತ್ತಿರ ಬರದಂತೆಯೂ ನೋಡಿಕೊಂಡೆ. ಮುಂಭಾಗವನ್ನು ಬಾಗಿಲುಗಳಿಗಿಂತ ಒಂದು ಅಂಗುಲ ಹೊರಚಾಚಿಸಿ, ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಕೊರೆಸಿದ್ದರಿಂದ ಚೆಲ್ಲಿದ ನೀರು ಒಳಕ್ಕೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.

ಎತ್ತರದ ವಿಷಯದಲ್ಲಿ ಅತ್ತೆಯವರ ಮಾತೇ ನಡೆಯಿತು. "ಒಲೀ ಕಟ್ಟಿ ಎಷ್ಟಾರ ಇರ್ಲವ್ವಾ, ರೊಟ್ಟಿ ಬಡಿಯೋ ಜಾಗ ತಗ್ಗಿರ್ಲಿ, ತೋಳಿನ ಬಲ ಬೀಳಬೇಕು" ಎಂದರು. ಅದರಂತೆ ಒಲೆಯ ಭಾಗವನ್ನು ನೆಲಹಾಸು, ಗಾರೆ, ಕಲ್ಲಿನ ದಪ್ಪ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು 33 ಅಂಗುಲಕ್ಕೆ ನಿಲ್ಲಿಸಿ, ಕಿಟಕಿ ಬದಿಯ ಮೂರು ಅಡಿಯನ್ನು ಮಾತ್ರ 30 ಅಂಗುಲಕ್ಕೆ ಇಳಿಸಿದೆವು. ಹಲಗೆಯನ್ನು ಎರಡು ಮಟ್ಟದಲ್ಲಿ ಕೂರಿಸಲು ಹೆಚ್ಚುವರಿ ಅಂಚು ಕೆಲಸ ಬೀಳುತ್ತದೆ, ಅದಕ್ಕೆ ಅಡಿ ಲೆಕ್ಕದಲ್ಲಿ ಕೂಲಿ ಬೇರೆ. ಆ ಖರ್ಚು ಮಾಡಿದ್ದು ಸಾರ್ಥಕವೆಂದೇ ನನ್ನ ಎಣಿಕೆ.

ಬಳಕೆಯಲ್ಲಿ ಪಾಲಿಸುವುದು ಇಷ್ಟೇ: ಕಾದ ಹಂಚನ್ನು ನೇರವಾಗಿ ಕಲ್ಲಿನ ಮೇಲಿಡದೆ ಮಣೆಯ ಮೇಲಿಡುತ್ತೇವೆ, ರಾತ್ರಿ ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಒರೆಸಿ ಸಿಂಕಿನ ಸುತ್ತ ಒಣಬಟ್ಟೆ ಆಡಿಸುತ್ತೇವೆ. ಬಿಳಿ ಕಲೆ ಕಟ್ಟಿತೆಂದು ಶೌಚಾಲಯ ತೊಳೆಯುವ ಆಸಿಡ್ ಅನ್ನು ಮಾತ್ರ ಯಾರೂ ಕಟ್ಟೆಗೆ ಹಾಕಬಾರದು, ಅದು ಕಲೆಯ ಜೊತೆಗೆ ಪಾಲಿಶನ್ನೂ ಕೆಡಿಸುತ್ತದೆ.