ಸಾಮಿ ನಾಡಿಗೆ ಹೊರಟಿರಾ? ಮೊದಲು ಬೂಟು ಸರಿ ಮಾಡಿಕೊಳ್ಳಿ

ಫಿನ್ಲೆಂಡ್‌ನ ಉತ್ತರದ ಲ್ಯಾಪ್‌ಲ್ಯಾಂಡ್ ಅಂದ ಕೂಡಲೇ ನಮ್ಮವರು ರೊವಾನಿಯೆಮಿಗೆ ಟಿಕೆಟ್ ಮಾಡಿಸುತ್ತಾರೆ. ಸಾಂತಾಕ್ಲಾಸ್ ನೋಡಲು ಅದು ಸರಿ. ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಬದುಕು ನೋಡಬೇಕಾದರೆ ಇನ್ನೂ 300 ಕಿಲೋಮೀಟರ್‌ಗಿಂತ ಜಾಸ್ತಿ ಉತ್ತರಕ್ಕೆ, ಇನಾರಿಗೆ ಹೋಗಿ. ಫಿನ್ಲೆಂಡ್‌ನ ಸಾಮಿ ಸಂಸತ್ತು ಇರುವುದೂ ಅಲ್ಲೇ. ಹೆಲ್ಸಿಂಕಿಯಿಂದ ಇವಾಲೊಗೆ ವಿಮಾನ, ಅಲ್ಲಿಂದ ಬಸ್ಸು.

ಡಿಸೆಂಬರ್ ಬೇಡ. ಆಗ ಅಲ್ಲಿ ವಾರಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ. ಮಾರ್ಚ್‌ನಲ್ಲಿ ಹೋದರೆ ಹಗಲಿಗೆ ಬಿಸಿಲೂ ಉಂಟು, ರಾತ್ರಿಗೆ ಧ್ರುವಪ್ರಭೆಯೂ (ನಾರ್ದರ್ನ್ ಲೈಟ್ಸ್) ಉಂಟು.

ಇನ್ನು ಉಡುಪು. ಎಲ್ಲರೂ ಎಡವುವುದು ಇಲ್ಲೇ. ದಪ್ಪ ಜಾಕೆಟ್‌ಗೆ ದುಡ್ಡು ಸುರಿಯುತ್ತಾರೆ, ಕಾಲನ್ನು ಮರೆಯುತ್ತಾರೆ. ನನ್ನ ಜೊತೆ ಬಂದಿದ್ದ ಗೆಳೆಯ ತನ್ನ ಅಳತೆಯ ಬೂಟಿನೊಳಗೆ ಮೂರು ಜೊತೆ ಹತ್ತಿ ಕಾಲುಚೀಲ ತುರುಕಿದ್ದ. ಹೆಪ್ಪುಗಟ್ಟಿದ ಇನಾರಿ ಸರೋವರದ ಮೇಲೆ ಸ್ವಲ್ಪ ಹೊತ್ತು ನಿಂತಿದ್ದೆವು, ಅಷ್ಟಕ್ಕೇ ಅವನ ಬೆರಳುಗಳು ಸುಣ್ಣದ ಹಾಗೆ ಬಿಳಿಚಿದವು. ಬಿಗಿಯಾದರೆ ರಕ್ತ ಓಡುವುದಿಲ್ಲ. ಹತ್ತಿ ಬೆವರು ಕುಡಿದು ಒದ್ದೆಯಾಗುತ್ತದೆ, ಆ ಒದ್ದೆಯೇ ಕಾಲನ್ನು ಕೊರೆಯುತ್ತದೆ.

ಹಾಗಾಗಿ ತೆಳು ಉಣ್ಣೆಯದೊಂದು, ದಪ್ಪ ಉಣ್ಣೆಯದೊಂದು, ಎರಡೇ ಕಾಲುಚೀಲ ಸಾಕು. ಬೂಟು ಒಂದೆರಡು ಸೈಜ್ ದೊಡ್ಡದಿರಲಿ, ಬೆರಳು ಸಲೀಸಾಗಿ ಆಡಬೇಕು. ಬಾಡಿಗೆಗೂ ಸಿಗುತ್ತದೆ, ಕೊಳ್ಳುವ ಅಗತ್ಯವಿಲ್ಲ. ಬಿಗಿ ಬೂಟಿನೊಳಗೆ ಕೈ ಬೆಚ್ಚಗೆ ಮಾಡುವ ಪೊಟ್ಟಣ ಇಟ್ಟುಕೊಳ್ಳುವುದು ಸುಮ್ನೆ ದಂಡ. ಗಾಳಿ ಸಿಗದೆ ಅದು ಸರಿಯಾಗಿ ಬಿಸಿಯಾಗುವುದಿಲ್ಲ. ಸಾಮಿಗಳು ಹಿಂದೆ ಹಿಮಸಾರಂಗದ ಚರ್ಮದ ಬೂಟಿಗೆ ಒಣಹುಲ್ಲು ತುಂಬುತ್ತಿದ್ದರು. ಹುಲ್ಲಿನ ಎಳೆಗಳ ನಡುವೆ ನಿಂತ ಗಾಳಿಯೇ ಕಾಲು ಕಾಯುತ್ತಿತ್ತು. ರಾತ್ರಿ ಹುಲ್ಲು ತೆಗೆದು ಒಣಗಿಸುತ್ತಿದ್ದರು. ನೀವೂ ದಿನಾ ಬೂಟಿನ ಒಳಪದರ ತೆಗೆದು ಒಣಗಿಸಿ.

ಮೊದಲ ದಿನ ನೇರವಾಗಿ ಇನಾರಿಯ ‘ಸೀದಾ’ (Siida) ಎಂಬ ಸಾಮಿ ಮ್ಯೂಸಿಯಂಗೆ ಹೋಗಿ, ಅರ್ಧ ದಿನ ಕೊಡಿ. 2024ರಲ್ಲಿ ಯುರೋಪಿನ ವರ್ಷದ ಮ್ಯೂಸಿಯಂ ಪ್ರಶಸ್ತಿ ಪಡೆದದ್ದು ಇದೇ. ಅದನ್ನು ನೋಡಿಕೊಂಡು ಹೋದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಆಮೇಲೆ ಹಿಮಸಾರಂಗ ಸಾಕುವ ಸಾಮಿ ಕುಟುಂಬವೇ ನಡೆಸುವ ಭೇಟಿ ಆರಿಸಿ. ನಾಯಿಗಾಡಿ ಸವಾರಿ ಸಾಮಿ ಪದ್ಧತಿಯಲ್ಲ. "ನಿಮ್ಮಲ್ಲಿ ಎಷ್ಟು ಹಿಮಸಾರಂಗ ಇವೆ?" ಅಂತ ಮಾತ್ರ ಕೇಳಬೇಡಿ. ಅದು ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿದ ಹಾಗೆ, ಅಲ್ವಾ? ಫೋಟೊಗಾಗಿ ಅವರ ಉಡುಪು ಗಾಕ್ತಿಯನ್ನು ತೊಡುತ್ತೇನೆ ಅನ್ನಲೂಬೇಡಿ. ಅದರ ಬಣ್ಣ, ಪಟ್ಟಿ ನೋಡಿದರೆ ತೊಟ್ಟವರು ಯಾವ ಕಡೆಯವರು ಅಂತ ತಿಳಿಯುತ್ತದೆ. ಅದು ವೇಷವಲ್ಲ. ಸಸ್ಯಾಹಾರಿಗಳು ಊಟದ ವಿಷಯ ಬುಕ್ ಮಾಡುವಾಗಲೇ ಹೇಳಿಬಿಡಿ. ಇಲ್ಲದಿದ್ದರೆ ಬಟ್ಟಲಿಗೆ ಬರುವುದು ಹಿಮಸಾರಂಗದ ಮಾಂಸದ ಸಾರು.

ಬೆಂಕಿಯ ಸುತ್ತ ಕೂತಾಗ ಯಾರಾದರೂ ಸಾಮಿಗಳ ಸಾಂಪ್ರದಾಯಿಕ ಹಾಡು ಯೊಯಿಕ್ ಹಾಡಿದರೆ ಫೋನ್ ಒಳಜೇಬಿನಲ್ಲೇ ಇರಲಿ. ಚಳಿಗೆ ಅದರ ಬ್ಯಾಟರಿಯೂ ಬೇಗ ಇಳಿಯುತ್ತದೆ, ರಾತ್ರಿ ಧ್ರುವಪ್ರಭೆಗೆ ಬೇಕಾಗುತ್ತದೆ.