ಹಳೆ ಕಾರಿನ ಬೆಲ್ಟ್ ಕಿರುಚುತ್ತಿದೆಯೇ? ಬಿಗಿ ಮಾಡುವ ಮೊದಲು ಇಷ್ಟು ನೋಡಿ

ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬಾನೆಟ್ ಒಳಗಿಂದ 'ಕೀಂ' ಅಂತ ಉದ್ದನೆಯ ಕೂಗು. ಹತ್ತು ಸೆಕೆಂಡಿನಲ್ಲಿ ತಾನೇ ನಿಲ್ಲುತ್ತದೆ. ಹೆಡ್‌ಲೈಟ್ ಹಾಕಿದರೆ ಮತ್ತೆ ಶುರು. ಹಳೆ ಕಾರು ಇಟ್ಟುಕೊಂಡವರಿಗೆಲ್ಲ ಈ ಸದ್ದು ಗೊತ್ತು.

ನನ್ನ ಕಾರು 1974ರದ್ದು. ಹತ್ತೊಂಬತ್ತು ವರ್ಷಗಳಿಂದ ಅದರ ಕೆಲಸವನ್ನೆಲ್ಲ ನಾನೇ ಮಾಡಿಕೊಳ್ಳುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಬೆಲ್ಟ್ ನಾಲ್ಕು ಸಲ ಕಿರುಚಿದೆ. ನಾಲ್ಕು ಸಲವೂ ಕಾರಣ ಬೇರೆ ಬೇರೆ. ಬರೀ ಬಿಗಿ ಮಾಡಿದ್ದರಿಂದ ಸರಿಹೋದದ್ದು ಒಂದೇ ಸಲ. ಅದಕ್ಕೇ ಹೇಳುತ್ತಿದ್ದೇನೆ, ಸ್ಪ್ಯಾನರ್ ಹಿಡಿಯುವ ಮೊದಲು ಐದು ನಿಮಿಷ ಕಣ್ಣಿಗೆ ಕೆಲಸ ಕೊಡಿ.

ಸದ್ದು ಯಾಕೆ ಬರುತ್ತದೆ ಅಂತ ಮೊದಲು ತಿಳಿದುಕೊಳ್ಳೋಣ. ಸ್ಟಾರ್ಟರ್ ಮೋಟಾರು ತಿರುಗುವಾಗ ಬ್ಯಾಟರಿಯಿಂದ ತುಂಬಾ ಕರೆಂಟ್ ಎಳೆಯುತ್ತದೆ. ಎಂಜಿನ್ ಹೊತ್ತಿಕೊಂಡ ಮೇಲೆ ಖಾಲಿಯಾದಷ್ಟನ್ನು ಆಲ್ಟರ್ನೇಟರ್, ಅಂದರೆ ಈ ಬೆಲ್ಟಿನಿಂದ ತಿರುಗಿ ಕರೆಂಟ್ ಮಾಡುವ ಯಂತ್ರ, ತುಂಬಿಸಬೇಕು. ಹೆಚ್ಚು ಕರೆಂಟ್ ಕೊಡುವಾಗ ಆಲ್ಟರ್ನೇಟರ್ ತಿರುಗುವುದಕ್ಕೆ ಭಾರವಾಗುತ್ತದೆ. ಅದರ ಪುಲ್ಲಿ, ಅಂದರೆ ಬೆಲ್ಟ್ ಸುತ್ತುವ ಚಕ್ರ, ಬೇರೆ ಎಲ್ಲಕ್ಕಿಂತ ಚಿಕ್ಕದು, ಬೆಲ್ಟ್ ಅದನ್ನು ಸುತ್ತಿ ಹಿಡಿಯುವ ಜಾಗವೂ ಕಡಿಮೆ. ಹಿಡಿತ ಸಾಲದಿದ್ದರೆ ಬೆಲ್ಟ್ ಮೊದಲು ಜಾರುವುದು ಅಲ್ಲೇ. ಜಾರುವ ರಬ್ಬರಿನ ಸದ್ದೇ ಈ ಕಿರುಚಾಟ. ಬ್ಯಾಟರಿ ಸ್ವಲ್ಪ ತುಂಬಿದ ಮೇಲೆ ಭಾರ ಇಳಿಯುತ್ತದೆ, ಸದ್ದೂ ನಿಲ್ಲುತ್ತದೆ. ನಿಂತಿತಲ್ಲ ಅಂತ ಸುಮ್ನೆ ಬಿಡಬೇಡಿ. ಎಷ್ಟೋ ಹಳೆ ಕಾರುಗಳಲ್ಲಿ ಇದೇ ಬೆಲ್ಟ್ ವಾಟರ್ ಪಂಪ್ ಮತ್ತು ಫ್ಯಾನನ್ನೂ ತಿರುಗಿಸುತ್ತದೆ. ಬೆಲ್ಟ್ ಹೋದರೆ ಚಾರ್ಜಿಂಗ್ ಮಾತ್ರ ಅಲ್ಲ, ಎಂಜಿನ್ ಕಾದು ನಿಲ್ಲುತ್ತದೆ.

ಇನ್ನೊಂದು ವಿಷಯ ತುಂಬಾ ಮುಖ್ಯ. ಈ ಕಾರುಗಳಲ್ಲಿರುವುದು ವಿ ಬೆಲ್ಟ್, ಅಂದರೆ ಪುಲ್ಲಿಯ V ಆಕಾರದ ಸಂದಿನಲ್ಲಿ ಕೂರುವ, ಕೆಳಗೆ ಕಿರಿದಾಗುವ ಬೆಲ್ಟ್. ಅದು ಹಿಡಿಯುವುದು ಎರಡು ಪಕ್ಕಗಳಿಂದ. ತಳ ಪುಲ್ಲಿಗೆ ತಾಗಬಾರದು. ಎಳೆದಷ್ಟೂ ಬೆಲ್ಟ್ ಆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ಹಿಡಿತ ಗಟ್ಟಿಯಾಗುತ್ತದೆ. ಇದು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಎಂಜಿನ್ ಪೂರ್ತಿ ತಣ್ಣಗಿರಲಿ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬ್ಯಾಟರಿಯಿಂದ ಕಾರಿನ ಬಾಡಿಯ ಲೋಹಕ್ಕೆ ಹೋಗುವ ಅರ್ಥ್ ಕೇಬಲ್ ಬಿಚ್ಚಿ. ಸಾಮಾನ್ಯವಾಗಿ ಅದು ನೆಗೆಟಿವ್. ತುಂಬಾ ಹಳೆಯ ಕೆಲವು ಕಾರುಗಳಲ್ಲಿ ಪಾಸಿಟಿವ್ ಕೇಬಲ್ ಬಾಡಿಯ ಲೋಹಕ್ಕೆ ಹೋಗಿರುತ್ತದೆ, ಹಾಗಾಗಿ ಬಣ್ಣ ನಂಬದೆ ಕೇಬಲ್ ಎಲ್ಲಿಗೆ ಹೋಗಿದೆ ಅಂತ ನೋಡಿ. ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿಗೆ ಕೀ ಆಫ್ ಇದ್ದರೂ ಬ್ಯಾಟರಿಯ ಕರೆಂಟ್ ಬರುತ್ತಲೇ ಇರುತ್ತದೆ. ಸ್ಪ್ಯಾನರ್ ಅಲ್ಲಿಗೂ ಬಾಡಿಗೂ ಒಟ್ಟಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ.

ಈಗ ಆಲ್ಟರ್ನೇಟರ್ ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡಿ. ಬೆಲ್ಟ್ ಅಲ್ಲೇ ಇದ್ದು ಪುಲ್ಲಿ ಮಾತ್ರ ಜಾರಿ ತಿರುಗಿದರೆ ಬೆಲ್ಟ್ ಸಡಿಲವಾಗಿದೆ. ಆಮೇಲೆ ಎರಡು ಪುಲ್ಲಿಗಳ ನಡುವೆ ಬೆಲ್ಟ್ ಅತಿ ಉದ್ದಕ್ಕಿರುವ ಜಾಗ ಹುಡುಕಿ. ಅದರ ಮಧ್ಯದಲ್ಲಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಸುಮಾರು 10ರಿಂದ 13 ಮಿಲಿಮೀಟರ್ ಬಗ್ಗಿದರೆ ಸರಿ. ಕಾರಿನ ಮ್ಯಾನುಯಲ್ ಬೇರೆ ಅಳತೆ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಅದೇ ಜಾಗದಲ್ಲಿ ಬೆಲ್ಟನ್ನು ಬೆರಳಲ್ಲಿ ಹಿಡಿದು ತಿರುಚಿಯೂ ನೋಡಬಹುದು. ಕಾಲು ಸುತ್ತು ತಿರುಗಿ ನಿಲ್ಲಬೇಕು. ಅರ್ಧ ಸುತ್ತು ಸಲೀಸಾಗಿ ತಿರುಗಿದರೆ ಲೂಸ್.

ಬೆಲ್ಟನ್ನು ಮಗುಚಿ ಪಕ್ಕಗಳನ್ನು ನೋಡುವುದನ್ನು ಮಾತ್ರ ಬಿಡಬೇಡಿ. ಟಾರ್ಚ್ ಹಾಕಿ ನೋಡಿ. ಪಕ್ಕ ಮಸುಕಾದ ಕಪ್ಪು ಬಣ್ಣಕ್ಕಿರಬೇಕು. ಗಾಜಿನ ಹಾಗೆ ಮಿರಮಿರ ಮಿಂಚುತ್ತಿದ್ದರೆ ಜಾರಿ ಜಾರಿ ಸುಟ್ಟು ಗಟ್ಟಿಯಾಗಿದೆ ಅಂತ ಅರ್ಥ. ಅಂಥ ಬೆಲ್ಟನ್ನು ಎಷ್ಟು ಎಳೆದರೂ ಮತ್ತೆ ಕಿರುಚುತ್ತದೆ, ಹೊಸದೇ ಹಾಕಬೇಕು. ಬಿರುಕು, ನೂಲು ಎದ್ದಿರುವುದು, ತುಂಡು ಕಿತ್ತುಹೋಗಿರುವುದು ಕಂಡರೂ ಅಷ್ಟೇ. ಎಣ್ಣೆ ಕುಡಿದು ಮೆತ್ತಗಾಗಿದ್ದರೆ ಎಣ್ಣೆ ಎಲ್ಲಿಂದ ಬಂತು ಅಂತ ಮೊದಲು ಹುಡುಕಿ. ನನ್ನ ಕಾರು ಎರಡನೇ ಸಲ ಕಿರುಚಿದ್ದು ಹೀಗೆ. ಎಂಜಿನ್ ಮೇಲಿನ ವಾಲ್ವ್ ಕವರಿನ ಗ್ಯಾಸ್ಕೆಟ್, ಅಂದರೆ ಸೋರದಂತೆ ತಡೆಯುವ ಪದರ, ಹಳತಾಗಿ ಎಣ್ಣೆ ಎಂಜಿನ್ ಮುಂಭಾಗಕ್ಕೆ ಹನಿ ಹನಿಯಾಗಿ ಇಳಿಯುತ್ತಿತ್ತು. ಗ್ಯಾಸ್ಕೆಟ್ ಬದಲಿಸದೆ ಹೊಸ ಬೆಲ್ಟ್ ಹಾಕಿದ್ದರೆ ಅದೂ ಹಾಳಾಗುತ್ತಿತ್ತು.

ಬೆಲ್ಟಿಗೆ ಹೊಡೆಯುವ ಸ್ಪ್ರೇ ನಾನು ಬಳಸುವುದಿಲ್ಲ. ಸೋಪು, ಪೌಡರು ಯಾವುದೂ ಬೇಡ. ಸದ್ದು ಎರಡು ದಿನ ಅಡಗುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಸ್ಪ್ರೇಯ ಅಂಟಿಗೆ ಧೂಳು ಮೆತ್ತಿಕೊಂಡು ಪುಲ್ಲಿಯೂ ಗಲೀಜಾಗುತ್ತದೆ.

ಬೆಲ್ಟ್ ಚೆನ್ನಾಗಿದ್ದು ಬರೀ ಸಡಿಲವಾಗಿದ್ದರೆ ಬಿಗಿ ಮಾಡೋಣ. ಆಲ್ಟರ್ನೇಟರ್ ಒಂದು ಕಡೆ, ಸಾಮಾನ್ಯವಾಗಿ ಕೆಳಗೆ, ಬಾಗಿಲಿನ ಕೀಲಿನಂತೆ ಉದ್ದ ಬೋಲ್ಟಿನ ಮೇಲೆ ತೂಗುತ್ತದೆ. ಕೆಲವದಕ್ಕೆ ಇಲ್ಲಿ ಹಿಂದೆ ಒಂದು, ಮುಂದೆ ಒಂದು ಅಂತ ಎರಡು ಬೋಲ್ಟ್ ಇರುತ್ತವೆ. ಇನ್ನೊಂದು ಕಡೆ ಉದ್ದನೆಯ ಸೀಳಿರುವ ಬಾಗಿದ ಪಟ್ಟಿ. ಸೀಳಿನಲ್ಲಿರುವ ಬೋಲ್ಟ್ ಸಡಿಲಿಸಿ, ಪಟ್ಟಿ ಎಂಜಿನ್ನಿಗೆ ಸೇರುವ ಕಡೆಯ ಬೋಲ್ಟನ್ನೂ ಸಡಿಲಿಸಿ, ಆಮೇಲೆ ಕೆಳಗಿನದನ್ನು. ಕೆಳಗಿನದನ್ನು ಮುಟ್ಟದೆ ಮೇಲಿನದನ್ನಷ್ಟೇ ಸಡಿಲಿಸಿ ಎಳೆದರೆ ಆಲ್ಟರ್ನೇಟರಿನ ಕಿವಿ, ಅಂದರೆ ಬೋಲ್ಟ್ ಹಾದುಹೋಗುವ ತೂತಿನ ಭಾಗ, ಒಡೆಯಬಹುದು. ಅದು ಅಲ್ಯೂಮಿನಿಯಂ. ಯಾವ ಬೋಲ್ಟನ್ನೂ ಪೂರ್ತಿ ಬಿಚ್ಚಬೇಡಿ. ಕೈಯಿಂದ ತಳ್ಳಿದರೆ ಆಲ್ಟರ್ನೇಟರ್ ಬಿಗುವಾಗಿ ಅಲುಗಬೇಕು, ಅಷ್ಟು ಸಾಕು.

ಸ್ಪ್ಯಾನರ್ ಬಗ್ಗೆ ಒಂದು ಮಾತು. ಹಳೆ ಕಾರುಗಳಲ್ಲಿ ಕೆಲವದಕ್ಕೆ ಮಿಲಿಮೀಟರ್ ಬೋಲ್ಟ್, ಕೆಲವದಕ್ಕೆ ಇಂಚಿನ ಬೋಲ್ಟ್. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಸರಿಯಾಗಿ ಕೂತ ಹಾಗೇ ಕಾಣುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಬಲ ಹಾಕಿದಾಗ ಆ ಚೂರು ಸಂದಿನಿಂದಲೇ ಮೂಲೆಗಳು ಸವೆದು ತಲೆ ದುಂಡಾಗುತ್ತದೆ. ಸರಿಯಾದ ಸೈಜೇ ಹುಡುಕಿ. ತುಕ್ಕಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ, ಬೆಲ್ಟಿಗೆ ಮಾತ್ರ ತಾಗಬಾರದು.

ಇನ್ನು ಎಳೆಯುವುದು. ಗಟ್ಟಿ ಮರದ ಕೋಲು ತೆಗೆದುಕೊಳ್ಳಿ, ಸುತ್ತಿಗೆಯ ಹಿಡಿ ನನಗೆ ಇಷ್ಟ. ಅದನ್ನು ಎಂಜಿನ್ ಬ್ಲಾಕ್ ಮತ್ತು ಆಲ್ಟರ್ನೇಟರಿನ ಮುಂಭಾಗದ ನಡುವೆ ಇಟ್ಟು ಮೀಟಿ. ಮುಂಭಾಗ ಅಂದರೆ ಪುಲ್ಲಿ ಇರುವ ಕಡೆಯ ದಪ್ಪ ಭಾಗ. ಮಧ್ಯಕ್ಕಾಗಲಿ ಹಿಂದಿನ ತೆಳು ಮುಚ್ಚಳಕ್ಕಾಗಲಿ ಕೋಲು ಕೊಡಬೇಡಿ, ಒಳಗೆ ವೈರಿನ ಸುರುಳಿ ಮತ್ತು ಡಯೋಡುಗಳಿವೆ. ಒಂದು ಕೈಯಲ್ಲಿ ಮೀಟಿ ಹಿಡಿದು, ಇನ್ನೊಂದು ಕೈಯಲ್ಲಿ ಸೀಳಿನ ಬೋಲ್ಟ್ ಬಿಗಿ ಮಾಡಿ. ಹೆಬ್ಬೆರಳಿನ ಪರೀಕ್ಷೆ ಮತ್ತೆ ಮಾಡಿ. ಸರಿ ಬಂದ ಮೇಲೆ ಉಳಿದ ಬೋಲ್ಟುಗಳನ್ನೂ ಬಿಗಿ ಮಾಡಿ, ಇನ್ನೊಮ್ಮೆ ಒತ್ತಿ ನೋಡಿ. ಕೊನೆಯ ಬೋಲ್ಟ್ ಬಿಗಿಯುವಾಗ ಅಳತೆ ಚೂರು ಬದಲಾಗುವುದುಂಟು.

ಎಲ್ಲಕ್ಕಿಂತ ಜೋರಾಗಿ ಹೇಳಬೇಕಾದ ಮಾತು ಇದು: ತಂತಿಯ ಹಾಗೆ ಬಿಗಿ ಮಾಡಬೇಡಿ. ಮೊದಲ ಸಲ ಕಿರುಚಿದಾಗ ನಾನು ಬೆಲ್ಟ್ ಅಲುಗದ ಹಾಗೆ ಎಳೆದು ಕಟ್ಟಿದ್ದೆ. ಸದ್ದು ನಿಂತಿತು. ಕೆಲವೇ ತಿಂಗಳಲ್ಲಿ ವಾಟರ್ ಪಂಪಿನ ಬೇರಿಂಗ್ ಗೊರಗೊರ ಅನ್ನತೊಡಗಿತು, ಪಂಪಿನ ಶಾಫ್ಟಿನಿಂದ ನೀರು ಸೋರಿತು. ಬೆಲ್ಟ್ ಎಳೆಯುವ ಭಾರವನ್ನೆಲ್ಲ ಹೊರುವುದು ಆ ಚಿಕ್ಕ ಬೇರಿಂಗುಗಳೇ ಅಲ್ವಾ? ಬೆಲ್ಟ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಪಂಪ್ ಬದಲಿಸಲು ನನಗೆ ಎರಡು ದಿನ ಬೇಕಾಯಿತು.

ಹೊಸ ಬೆಲ್ಟ್ ಬೇಕಿದ್ದರೆ ಹಳೆಯದರ ಬೆನ್ನ ಮೇಲಿನ ಅಂಕಿ ಓದಿ. 10×900 ಅಂತಿದ್ದರೆ ಮೇಲ್ಭಾಗದ ಅಗಲ 10 ಮಿಲಿಮೀಟರ್, ಉದ್ದ 900. ಆದರೆ ಹಿಂದಿನವರು ತಪ್ಪು ಸೈಜು ಹಾಕಿರಬಹುದು, ಮ್ಯಾನುಯಲ್ ಜೊತೆ ತಾಳೆ ನೋಡಿ. ಹಾಕುವಾಗ ಆಲ್ಟರ್ನೇಟರನ್ನು ಎಂಜಿನ್ ಕಡೆಗೆ ಪೂರ್ತಿ ತಳ್ಳಿ. ಬೆಲ್ಟನ್ನು ಫ್ಯಾನಿನ ಒಂದೊಂದೇ ರೆಕ್ಕೆ ದಾಟಿಸಿ ಕೈಯಿಂದಲೇ ಕೂರಿಸಿ. ಸ್ಕ್ರೂಡ್ರೈವರ್ ಹಾಕಿ ಪುಲ್ಲಿಯ ಅಂಚಿನ ಮೇಲೆ ಎಬ್ಬಿಸಿದರೆ ಒಳಗಿನ ದಾರ ಹರಿಯುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ, ಬಾಳಿಕೆ ಮಾತ್ರ ಬರುವುದಿಲ್ಲ.

ಬೆಲ್ಟ್ ಬಿಚ್ಚಿದಾಗಲೇ ಆಲ್ಟರ್ನೇಟರ್ ಮತ್ತು ಪಂಪಿನ ಪುಲ್ಲಿಗಳನ್ನು ಕೈಯಲ್ಲಿ ತಿರುಗಿಸಿ, ಆಚೀಚೆ ಅಲುಗಿಸಿ ನೋಡಿ. ಗರಗರ ಅಂದರೆ ಅಥವಾ ಅಲುಗಿದರೆ ಬೇರಿಂಗ್ ಮುಗಿದಿದೆ. ಕಬ್ಬಿಣದ ಸ್ಕೇಲನ್ನು ಪುಲ್ಲಿಗಳ ಮುಖಕ್ಕೆ ಹಿಡಿದು ಎಲ್ಲವೂ ಒಂದೇ ಗೆರೆಯಲ್ಲಿವೆಯೇ ಅಂತಲೂ ನೋಡಿ. ಮೂರನೇ ಸಲ ನನಗೆ ತೊಂದರೆ ಕೊಟ್ಟದ್ದು ಇದೇ. ಕೆಳಗಿನ ಬೋಲ್ಟಿನ ಬುಶ್, ಅಂದರೆ ಬೋಲ್ಟನ್ನು ಸುತ್ತುವ ಚಿಕ್ಕ ಕೊಳವೆ, ಸವೆದು ಆಲ್ಟರ್ನೇಟರ್ ಸ್ವಲ್ಪ ವಾಲಿತ್ತು, ಬೆಲ್ಟ್ ಓರೆಯಾಗಿ ಓಡುತ್ತಿತ್ತು. ಹೊಸ ಬುಶ್, ಒಂದು ವಾಷರ್, ಅಷ್ಟಕ್ಕೇ ಸರಿಹೋಯಿತು. ನಾಲ್ಕನೇ ಸಲದ್ದು ಪತ್ತೆಯಾಗಲು ತಡವಾಯಿತು. ಬೆಲ್ಟ್ ಹೊಸದು, ಬಿಗಿಯೂ ಸರಿ, ಆದರೂ ಸದ್ದು. ಕೊನೆಗೆ ಪುಲ್ಲಿಯ ತಳಕ್ಕೆ ಟಾರ್ಚ್ ಬಿಟ್ಟೆ. ತಳ ಕನ್ನಡಿಯಂತೆ ಹೊಳೆಯುತ್ತಿತ್ತು. ಪಕ್ಕಗಳು ಸವೆದು ಬೆಲ್ಟ್ ತಳಕ್ಕೆ ಕೂತುಬಿಟ್ಟಿತ್ತು. ಪುಲ್ಲಿ ಬದಲಿಸದೆ ಬೇರೆ ದಾರಿ ಇರಲಿಲ್ಲ.

ಹಳೆ ಫೋಕ್ಸ್‌ವ್ಯಾಗನ್ ಬೀಟಲ್ ಇದ್ದವರಿಗೆ ಈ ಮೀಟುವ ಕೆಲಸ ಇಲ್ಲ. ಅದರ ಪುಲ್ಲಿ ಎರಡು ಹೋಳು. ನಡುವಿನ ತೆಳು ವಾಷರ್ ತೆಗೆದಷ್ಟೂ ಹೋಳುಗಳು ಹತ್ತಿರ ಬಂದು ಬೆಲ್ಟ್ ಮೇಲೇರಿ ಬಿಗಿಯಾಗುತ್ತದೆ. ತೆಗೆದ ವಾಷರುಗಳನ್ನು ಹೊರಗಡೆ ನಟ್ ಕೆಳಗೇ ಹಾಕಿಡಬೇಕು.

ಎಲ್ಲ ಆದ ಮೇಲೆ ಕೋಲು, ಸ್ಪ್ಯಾನರ್, ಬಟ್ಟೆ ಏನೂ ಒಳಗೆ ಉಳಿದಿಲ್ಲ ಅಂತ ನೋಡಿ ಬ್ಯಾಟರಿ ಕೇಬಲ್ ಹಾಕಿ. ಅಂಗಿಯ ತೋಳು ಮೇಲಕ್ಕೆ ಮಡಚಿಕೊಳ್ಳಿ. ಸ್ಟಾರ್ಟ್ ಮಾಡಿ ಹೆಡ್‌ಲೈಟ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕೇಳಿ. 12 ವೋಲ್ಟಿನ ಕಾರಾಗಿದ್ದರೆ ಮೀಟರನ್ನು ಬ್ಯಾಟರಿಗೆ ಹಿಡಿದಾಗ ಸುಮಾರು 13.8ರಿಂದ 14.4 ವೋಲ್ಟ್ ತೋರಿಸಬೇಕು. ಹೊಸ ಬೆಲ್ಟ್ ಮೊದಲ ಓಟದಲ್ಲೇ ಸ್ವಲ್ಪ ಹಿಗ್ಗುತ್ತದೆ. ಹದಿನೈದು ನಿಮಿಷ ಓಡಿಸಿ, ಎಂಜಿನ್ ಆರಲು ಬಿಟ್ಟು, ಮತ್ತೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಇನ್ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ. ತೆಗೆದ ಹಳೆ ಬೆಲ್ಟಿನಲ್ಲಿ ಬಿರುಕಿಲ್ಲದಿದ್ದರೆ ಅದನ್ನು ಚೀಲದಲ್ಲಿ ಸುತ್ತಿ, ಸರಿಯಾದ ಸೈಜಿನ ಸ್ಪ್ಯಾನರುಗಳ ಜೊತೆ ಡಿಕ್ಕಿಯಲ್ಲಿಡಿ.